ಸೀಯೆಸ್, ಓನ್ಸ್, ಸಾಲ್ವೊರ, ಕೊರ್ತೆಗಾದ: ಗಲೀಸಿಯಾದ ದ್ವೀಪಗಳಲ್ಲಿ ನಿಮಗೆ ಯಾವುದು?

ನಾನು ಪೋರ್ಚುಗಲ್ಲಿನ ಪೋರ್ಟೊದಲ್ಲಿ ನೆಲೆಸಿ ಆರು ವರ್ಷವಾಯಿತು. ಬೇಸಿಗೆ ಹತ್ತಿರ ಬಂತೆಂದರೆ ಜರ್ಮನಿ, ಹಾಲೆಂಡಿನ ಕನ್ನಡದ ಗೆಳೆಯರೂ ಊರಿನಿಂದ ಬರುವ ನೆಂಟರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಅಲ್ಲೇ ಮೇಲೆ ಸ್ಪೇನಿನಲ್ಲಿ ಯಾವುದೋ ದ್ವೀಪ ಇದೆಯಂತಲ್ಲ, ಬಿಳಿ ಮರಳು, ಹಸಿರು–ನೀಲಿ ನೀರು. ಒಂದು ದಿನದಲ್ಲಿ ಹೋಗಿ ಬರಬಹುದಾ?" ಬರಬಹುದು. ಆದರೆ ಅವರು ನೋಡಿದ ಫೋಟೊ ಸೀಯೆಸ್ ದ್ವೀಪದ ರೋದಾಸ್ ಬೀಚಿನದು. ಅದು ಸೇರಿರುವ ರಾಷ್ಟ್ರೀಯ ಉದ್ಯಾನದಲ್ಲಿ ಅಂಥ ದ್ವೀಪಸಮೂಹ ನಾಲ್ಕಿವೆ. ಸೀಯೆಸ್ ಎಲ್ಲರಿಗೂ ಹೊಂದುವುದಿಲ್ಲ. ಮೊಣಕಾಲು ನೋವಿರುವ ಅಮ್ಮನನ್ನೂ ಎಂಟು ವರ್ಷದ ಮಗಳನ್ನೂ ಕರೆದುಕೊಂಡು ನಾಲ್ಕನ್ನೂ ಸುತ್ತಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ಸ್ಪೇನಿನ ವಾಯವ್ಯ ಮೂಲೆ ಗಲೀಸಿಯಾ. ಅಲ್ಲಿ ಅಟ್ಲಾಂಟಿಕ್ ಸಾಗರ ನದೀಕಣಿವೆಗಳೊಳಗೆ ಮೈಲಿಗಟ್ಟಲೆ ನುಗ್ಗಿ ಕುಳಿತಿದೆ. ಇವಕ್ಕೆ ಅವರು ರಿಯಾ ಎನ್ನುತ್ತಾರೆ. ನಮ್ಮ ಅಘನಾಶಿನಿ ಅಳಿವೆಯನ್ನು ಹತ್ತು ಪಟ್ಟು ಅಗಲಿಸಿ ಆಳ ಮಾಡಿದರೆ ಹೇಗೋ ಹಾಗೆ. ಈ ರಿಯಾಗಳ ಬಾಯಲ್ಲಿ, ಸಾಗರದ ಹೊಡೆತಕ್ಕೆ ಎದೆಯೊಡ್ಡಿ ಕೂತ ಗ್ರಾನೈಟ್ ದ್ವೀಪಗಳೇ ಅಟ್ಲಾಂಟಿಕ್ ದ್ವೀಪಗಳ ರಾಷ್ಟ್ರೀಯ ಉದ್ಯಾನ. 2002ರ ಜುಲೈನಲ್ಲಿ ಘೋಷಣೆಯಾಯಿತು. ಒಟ್ಟು ಸುಮಾರು 8,500 ಹೆಕ್ಟೇರಿನಲ್ಲಿ ನೆಲ 1,200 ಹೆಕ್ಟೇರ್ ಮಾತ್ರ, ಉಳಿದದ್ದೆಲ್ಲ ನೀರು. ಹಾಗಾಗಿ ಇಲ್ಲಿನ ಕಾನೂನು ಕಾಯುವುದು ಹೆಚ್ಚಾಗಿ ಕಡಲನ್ನು: ಕಡಲಪಾಚಿಯ ಕಾಡು, ಮೀನು, ಬಂಡೆಗಳಲ್ಲಿ ಗೂಡು ಕಟ್ಟುವ ಹಕ್ಕಿ.

ಘೋಷಣೆಯಾಗಿ ಐದು ತಿಂಗಳೂ ತುಂಬಿರಲಿಲ್ಲ. ನವೆಂಬರಿನಲ್ಲಿ ಪ್ರೆಸ್ಟೀಜ್ ಎಂಬ ತೈಲದ ಹಡಗು ಗಲೀಸಿಯಾದ ಆಚೆ ಎರಡು ತುಂಡಾಗಿ ಮುಳುಗಿತು. ಡಾಂಬರಿನಂಥ ಎಣ್ಣೆ ಡಿಸೆಂಬರಿನಲ್ಲಿ ಈ ದ್ವೀಪಗಳ ದಡಕ್ಕೂ ಬಂದು ಬಡಿಯಿತು. ರಿಯಾದೊಳಗೆ ಅದು ನುಗ್ಗದಂತೆ ಮೀನುಗಾರರು ತಮ್ಮ ದೋಣಿಗಳಲ್ಲೇ ಹೋಗಿ, ಬಕೆಟ್ಟು, ಸಲಿಕೆ, ಕೊನೆಗೆ ಕೈಯಲ್ಲೇ ಬಾಚಿ ತೆಗೆದರು. ದ್ವೀಪದ ನಿಯಮಗಳು ಕಿರಿಕಿರಿ ಎನಿಸಿದಾಗ ನನಗೆ ಆ ಜನ ನೆನಪಾಗುತ್ತಾರೆ.

ಆಯ್ಕೆಗೆ ಮುನ್ನ ಏನನ್ನು ತೂಗಬೇಕು

ನನ್ನ ಅನುಭವದಲ್ಲಿ ಐದು ವಿಷಯ ಮುಖ್ಯ: ಪರವಾನಗಿ, ಕಾಲು, ಹೊಟ್ಟೆ, ಸಮಯ, ದುಡ್ಡು. ಬೀಚ್ ಚೆನ್ನಾಗಿದೆಯೇ ಎಂಬುದನ್ನು ಪಟ್ಟಿಯಿಂದ ಬೇಕೆಂದೇ ಬಿಟ್ಟಿದ್ದೇನೆ. ನಾಲ್ಕರಲ್ಲಿ ಮೂರು ಕಡೆ ಮರಳು ಚೆನ್ನಾಗಿಯೇ ಇದೆ. ಆದರೆ ನೀರು ಮಂಜಿನಂತೆ ತಣ್ಣಗೆ. ಬೇಸಿಗೆಯಲ್ಲಿ ಉತ್ತರದ ಗಾಳಿ ಮೇಲ್ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರುತ್ತದೆ. ಜುಲೈನಲ್ಲೂ ಹದಿನಾರು–ಹದಿನೇಳು ಡಿಗ್ರಿ ಸಾಮಾನ್ಯ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೂ ಹೀಗೇ ಆಳದ ನೀರು ಮೇಲೆದ್ದು ಬರುತ್ತದೆ. ನಮ್ಮ ತಾರ್ಲೆ, ಮಂಗಳೂರಿನವರ ಬೂತಾಯಿ ಮೀನಿಗೆ ಹೊಟ್ಟೆ ತುಂಬಿಸುವುದು ಅದೇ ನೀರು. ಗಲೀಸಿಯಾದ ಮೀನು, ಕಪ್ಪೆಚಿಪ್ಪಿನ ಸಮೃದ್ಧಿಗೂ ಇದೇ ಕಾರಣ. ಆದರೆ ಮಲ್ಪೆ, ಗೋಕರ್ಣದ ಬೆಚ್ಚನೆ ನೀರಿಗೆ ಒಗ್ಗಿದ ಮೈಗೆ ಮೊಣಕಾಲವರೆಗೆ ಇಳಿದರೆ ಸಾಕಾಗುತ್ತದೆ. ಈಜಲೆಂದೇ ಇಲ್ಲಿಗೆ ಹೊರಡಬೇಡಿ.

ಪರವಾನಗಿಯ ವಿಷಯ ವಿವರವಾಗಿ ಹೇಳಲೇಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಈಸ್ಟರ್ ವಾರದಲ್ಲಿ ಮತ್ತು ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಸೀಯೆಸ್ ಹಾಗೂ ಓನ್ಸ್‌ಗೆ ಗಲೀಸಿಯಾ ಸರಕಾರದ ಅನುಮತಿ ಬೇಕು. ದುಡ್ಡು ಕೊಡಬೇಕಾಗಿಲ್ಲ. ಸರಕಾರದ ಜಾಲತಾಣದಲ್ಲಿ ದ್ವೀಪ, ದಿನಾಂಕ, ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಹಾಕಿದರೆ ಒಂದು ಕೋಡ್ ಬರುತ್ತದೆ. ಆ ಕೋಡ್ ಕೊಟ್ಟರೆ ಮಾತ್ರ ಬೋಟಿನ ಟಿಕೆಟ್. ಕೋಡ್ ಕೈಗೆ ಬಂದ ಎರಡು ಗಂಟೆಯೊಳಗೆ ಟಿಕೆಟ್ ತೆಗೆಯದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಹಾಗಾಗಿ ಮನೆಯವರ ಪಾಸ್‌ಪೋರ್ಟುಗಳನ್ನು ಪಕ್ಕದಲ್ಲಿಟ್ಟುಕೊಂಡು, ಬೋಟಿನ ವೇಳಾಪಟ್ಟಿ ಮೊದಲೇ ನೋಡಿಕೊಂಡು ಕೂರಬೇಕು. ದಿನಕ್ಕೆ ಸೀಯೆಸ್‌ಗೆ 1,800 ಜನ, ಓನ್ಸ್‌ಗೆ 1,300. ಕೇಳಲು ದೊಡ್ಡ ಸಂಖ್ಯೆ. ಆಗಸ್ಟಿನ ಶನಿವಾರಕ್ಕೆ ಇವು ಏನೂ ಅಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪು ಇದೇ. ವೀಗೊ ನಗರದಲ್ಲಿ ಹೋಟೆಲ್ ಹಿಡಿದು, ರೈಲಿನ ಟಿಕೆಟ್ ತೆಗೆದು, ಕೊನೆಗೆ ಮೂರು ವಾರ ಇರುವಾಗ ಅನುಮತಿ ನೋಡಿದರೆ ಸೀಯೆಸ್ ಭರ್ತಿ. ಆ ಬೇಸರದಲ್ಲಿ ಓನ್ಸ್‌ಗೆ ಹೋದದ್ದು. ಅನುಮತಿ ಮೊದಲು, ಬೋಟು ಆಮೇಲೆ, ಹೋಟೆಲ್ ಕೊನೆಗೆ. ಈ ಕ್ರಮ ತಪ್ಪಿಸಬೇಡಿ.

ಎಲ್ಲ ದ್ವೀಪಕ್ಕೂ ಸಮಾನವಾದ ಒಂದೆರಡು ಮಾತು. ಕಸದ ಡಬ್ಬಿ ಇಲ್ಲ, ನಿಮ್ಮ ಕಸ ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು. ಚಿಪ್ಪು, ಕಲ್ಲು, ಗಿಡ ಏನನ್ನೂ ಎತ್ತಿಕೊಳ್ಳುವಂತಿಲ್ಲ. ಸಾಕುನಾಯಿ ತರುವಂತಿಲ್ಲ.

ಸೀಯೆಸ್: ನಡೆಯುವವರಿಗೆ

ವೀಗೊದಿಂದ ಮುಕ್ಕಾಲು ಗಂಟೆಯ ಬೋಟು. ಕಾಂಗಾಸ್, ಬಯೋನದಿಂದಲೂ ಇದೆ. ಮೂರು ದ್ವೀಪಗಳಲ್ಲಿ ಉತ್ತರದ ಮೊಂತೆಯಗುದೊ ಮತ್ತು ನಡುವಿನ ಫಾರೊ, ರೋದಾಸ್ ಬೀಚಿನ ಮರಳಿನಿಂದಲೇ ಒಂದಕ್ಕೊಂದು ಅಂಟಿಕೊಂಡಿವೆ. ತೆಂಕಣದ ಸಾನ್ ಮಾರ್ತಿನೊಗೆ ಜನರ ಬೋಟು ಹೋಗುವುದಿಲ್ಲ. ರೋದಾಸ್ ಒಂದು ಕಿಲೋಮೀಟರಿಗೂ ಉದ್ದ, ಮರಳು ನಿಜಕ್ಕೂ ಹಿಟ್ಟಿನಂತಿದೆ, ಅದರ ಬೆನ್ನಿಗೆ ಒಂದು ಉಪ್ಪುನೀರಿನ ಕೊಳ. ಕೊಳಕ್ಕೂ ಸಾಗರಕ್ಕೂ ನಡುವೆ ಕಲ್ಲಿನ ಕಟ್ಟೆ, ಅದೇ ದಾರಿ. ಕಟ್ಟೆಯ ಮೇಲೆ ಬಗ್ಗಿ ನೋಡಿದರೆ ಗಾಜಿನಂಥ ನೀರಿನಲ್ಲಿ ಮೊಳದುದ್ದದ ಮೀನುಗಳು ಉಬ್ಬರದ ಎಳೆತಕ್ಕೆ ಎದುರಾಗಿ ನಿಂತಲ್ಲೇ ಬಾಲ ಆಡಿಸುತ್ತಿರುತ್ತವೆ. ಅಮ್ಮ ಒಂದು ಗಂಟೆ ಅಲ್ಲೇ ಕೂತಿದ್ದರು. ಹಿಡಿಯುವವರಿಲ್ಲದ ಮೀನಿಗೆ ಎಷ್ಟು ಧೈರ್ಯ ನೋಡು ಎಂದರು.

ಆದರೆ ಸೀಯೆಸ್ಸಿನ ನಿಜವಾದ ಸೊಬಗು ಮರಳಿನಲ್ಲಿಲ್ಲ, ಬೆನ್ನಿನಲ್ಲಿದೆ. ಪೂರ್ವದ ಮಗ್ಗುಲು ಇಳಿಜಾರು, ಬೀಚು, ಮರದ ನೆರಳು. ಪಶ್ಚಿಮದ ಮಗ್ಗುಲು ನೂರು ಮೀಟರಿಗೂ ಎತ್ತರದ ಬಂಡೆಗೋಡೆ, ಕೆಳಗೆ ಬಿಳಿ ನೊರೆ. ಇದನ್ನು ನೋಡಬೇಕೆಂದರೆ ಹತ್ತಬೇಕು. ಮೊಂತೆ ಫಾರೊ ದೀಪಸ್ತಂಭಕ್ಕೆ ಹೋಗಿ ಬರಲು ಏಳು ಕಿಲೋಮೀಟರ್ ಆಸುಪಾಸು; ಕೊನೆಯಲ್ಲಿ ಹಾವಿನಂತೆ ತಿರುಗುವ ದಾರಿ, ನೆರಳಿಲ್ಲ. ದಾರಿಯಲ್ಲಿ ಪೆದ್ರ ದ ಕಂಪ ಎಂಬ ಬಂಡೆ ಸಿಗುತ್ತದೆ. ಉಪ್ಪು ಮತ್ತು ಗಾಳಿ ಸೇರಿ ಕೊರೆದ ತೂತಿನ ಆಚೆ ಆಕಾಶ ಕಾಣುತ್ತದೆ. ಇಷ್ಟು ಆಗದವರಿಗೆ ಆಲ್ತೊ ದೊ ಪ್ರಿನ್ಸಿಪೆ ಇದೆ. ಬೋಟಿನ ಕಟ್ಟೆಯಿಂದ ಹೋಗಿ ಬರಲು ಮೂರು ಕಿಲೋಮೀಟರಿನಷ್ಟು, ಮೇಲೆ ಬಂಡೆಯಲ್ಲೇ ಕುರ್ಚಿಯಂತೆ ಸವೆದ ಆಸನ, ಅಲ್ಲಿಂದ ರೋದಾಸ್ ಪೂರ್ತಿ ಕಾಲಡಿಗೆ ಕಾಣುತ್ತದೆ. ನೀವು ನೋಡಿದ ಫೋಟೊಗಳಲ್ಲಿ ಬಹುಪಾಲು ತೆಗೆದದ್ದು ಇಂಥ ಎತ್ತರದಿಂದಲೇ. ಮಗಳು ತಕರಾರಿಲ್ಲದೆ ಹತ್ತಿದಳು. ಅಮ್ಮನಿಂದ ಆಗಲಿಲ್ಲ.

ಊಟಕ್ಕೆ ಎರಡು–ಮೂರು ಹೋಟೆಲುಗಳಿವೆ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಹುರಿದದ್ದು, ಸಲಾಡ್, ಪಾದ್ರೋನ್ ಮೆಣಸಿನಕಾಯಿ ಇಷ್ಟೇ. ಪುಟ್ಟ ಹಸಿರು ಮೆಣಸು, ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿ ಕೊಡುತ್ತಾರೆ. ಹೆಚ್ಚಿನವು ಸಪ್ಪೆ, ನಡುವೆ ಒಂದು ನೆತ್ತಿಗೇರುತ್ತದೆ. ನಾವು ಚಪಾತಿ–ಪಲ್ಯ ಕಟ್ಟಿಕೊಂಡು ಹೋಗಿದ್ದೆವು. ಮಗಳು ಸುರುಳಿ ಬಾಯಿಗೆ ಒಯ್ಯುವಷ್ಟರಲ್ಲಿ ಹಿಂದಿನಿಂದ ರೆಕ್ಕೆಯ ಗಾಳಿ ಬೀಸಿತು. ಅವಳ ಬೆರಳ ಸಂದಿಯಲ್ಲಿ ಉಳಿದದ್ದು ಒಂದು ಚೂರು ಕಾಗದ. ಹಳದಿ ಕಾಲಿನ ಕಡಲಹಕ್ಕಿಗಳ ದೊಡ್ಡ ನೆಲೆ ಇದು. ಬೆನ್ನಿಗೆ ಮರವೋ ಗೋಡೆಯೋ ಇರುವಲ್ಲಿ ಕೂತು ತಿನ್ನಿ. ಬೇಸಿಗೆಯ ಆರಂಭದಲ್ಲಿ ಮರಿಗಳಿರುತ್ತವೆ, ದಾರಿ ಬಿಟ್ಟು ಕದಲಿದರೆ ತಲೆಯ ಮೇಲೆ ಎರಗುತ್ತವೆ.

ರಾತ್ರಿ ಉಳಿಯಲು ಹೋಟೆಲ್ ಕೋಣೆಗಳಿಲ್ಲ, ಟೆಂಟ್ ಹಾಕುವ ಶಿಬಿರ ಒಂದೇ. ಟೆಂಟ್ ಬಾಡಿಗೆಗೂ ಸಿಗುತ್ತದೆ. ಕೊನೆಯ ಬೋಟು ಹೋದ ಮೇಲೆ ದ್ವೀಪ ಬೇರೆಯೇ ಆಗುತ್ತದೆ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ನಂತರ. ಹಗಲಿನ ಜನಜಂಗುಳಿ ಕರಗಿದ ಮೇಲೂ ಮೂರು ಗಂಟೆ ಬೆಳಕು ಉಳಿದಿರುತ್ತದೆ. ಯುವಕರಾಗಿದ್ದು ನೆಲದ ಮೇಲೆ ಮಲಗಲು ತಕರಾರಿಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ಖರ್ಚು ಕಾಣೆ.

ಓನ್ಸ್: ಮನೆಮಂದಿಗೆ

ಸೀಯೆಸ್ ಸಿಗದೆ ಹೋದ ದ್ವೀಪ ಈಗ ನನ್ನ ಮೊದಲ ಸಲಹೆ. ಬುಯೆವ್, ಸಾನ್ಶೆನ್ಶೊ, ಪೋರ್ತೊನೋವೊದಿಂದ ಬೋಟು, ಮುಕ್ಕಾಲು ಗಂಟೆಯೊಳಗಿನ ದಾರಿ. ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಊರಿದೆ. ಕಳೆದ ಶತಮಾನದ ನಡುವೆ ಸುಮಾರು ಐನೂರು ಜನ ಬಾಳಿದ ದ್ವೀಪ. ಈಗ ವರ್ಷವಿಡೀ ಇರುವವರು ಬೆರಳೆಣಿಕೆ, ಬೇಸಿಗೆಗೆ ಹಳೆಯ ಮನೆಗಳವರು ಮರಳಿ ಬರುತ್ತಾರೆ. ಬೋಟು ನಿಲ್ಲುವ ಓ ಕುರ್ರೊ ಎಂಬಲ್ಲಿ ಮನೆ, ಹೋಟೆಲು, ಪುಟ್ಟ ಚರ್ಚು, ಒಣಹಾಕಿದ ಬಟ್ಟೆ, ಕೋಳಿ. ಬೀಚುಗಳು ಹತ್ತಿರವೇ ಇವೆ. ಉತ್ತರದ ಮೆಲೀದೆ ಬೀಚಿನಲ್ಲಿ ಬಟ್ಟೆಯಿಲ್ಲದೆ ಮಲಗುವ ರೂಢಿಯಿದೆ, ಹಿರಿಯರನ್ನು ಕರೆದೊಯ್ಯುವವರಿಗೆ ಮೊದಲೇ ತಿಳಿದಿರಲಿ.

ದಾರಿಗಳು ಸೀಯೆಸ್ಸಿನಷ್ಟು ಕಡಿದಲ್ಲ. ದ್ವೀಪದ ಅತಿ ಎತ್ತರದ ಜಾಗವೇ 130 ಮೀಟರ್ ಮುಟ್ಟುವುದಿಲ್ಲ. ಅಮ್ಮ ಕೋಲು ಹಿಡಿದು ಊರಿನ ಬೀದಿಯಲ್ಲೇ ನಡೆದಾಡಿದರು, ನಾನೂ ಮಗಳೂ ತೆಂಕಣದ ದಾರಿ ಹಿಡಿದು ಬುರಾಕೊ ದೊ ಇನ್ಫೆರ್ನೊ ನೋಡಿ ಬಂದೆವು. ಹೆಸರಿನ ಅರ್ಥ ನರಕದ ಬಿಲ. ನೆಲದಲ್ಲಿ ಬಾಯ್ತೆರೆದ ಕಲ್ಲಿನ ಬಾವಿ, ತಳದಲ್ಲಿ ಸಾಗರ ಗುಹೆಯಾಗಿ ಒಳನುಗ್ಗಿದೆ. ಬಿರುಗಾಳಿಯ ದಿನ ಅಲ್ಲಿಂದ ಸತ್ತವರ ಕೂಗು ಕೇಳುತ್ತದೆ ಎಂದು ದ್ವೀಪದವರು ಹೇಳುತ್ತಿದ್ದರಂತೆ. ನಾವು ಹೋದ ದಿನ ಕಡಲು ಶಾಂತ. ಆದರೂ ಬೇಲಿಗೆ ಆತು ನಿಂತರೆ ಅಲೆ ಬಡಿದ ಒಂದು ಕ್ಷಣದ ಮೇಲೆ ಸದ್ದು ಮೇಲೆ ಬರುತ್ತದೆ. ಮೊದಲು ಪಾದಕ್ಕೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಮಗಳು ನನ್ನ ಕೈ ಬಿಡಲಿಲ್ಲ.

ಮೀನು ತಿನ್ನುವವರಿಗೆ ಓನ್ಸ್ ಎಂದರೆ ಆಕ್ಟೋಪಸ್. ಇಲ್ಲಿನವರು ದೋರ್ನ ಎಂಬ ಪುಟ್ಟ ಮರದ ದೋಣಿಯಲ್ಲಿ ಹೋಗಿ ಹಿಡಿಯುತ್ತಿದ್ದ ಜೀವಿ ಅದು. ಬೇಯಿಸಿದ ಕಾಲುಗಳನ್ನು ಹೋಟೆಲಿನಾಕೆ ಕತ್ತರಿಯಲ್ಲೇ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಮರದ ತಟ್ಟೆಗೆ ಬೀಳಿಸಿದರು, ಮೇಲೆ ಉಪ್ಪು, ಕೆಂಪು ಮೆಣಸಿನಪುಡಿ, ಆಲಿವ್ ಎಣ್ಣೆ. ಕುಮಟಾದ ಪೇಟೆಯಲ್ಲಿ ಬೊಂಡಾಸ (ಸ್ಕ್ವಿಡ್) ತಿಂದು ಬೆಳೆದ ನಾಲಿಗೆಗೆ ಇದು ಪರಕೀಯ ಎನಿಸಲಿಲ್ಲ. ಸಸ್ಯಾಹಾರಿಗಳ ಪಾಡು ಇಲ್ಲೂ ಸೀಯೆಸ್ಸಿನದೇ, ಬುತ್ತಿ ಕಟ್ಟಿಕೊಂಡೇ ಹೋಗಿ.

ಉಳಿಯಲು ಶಿಬಿರವೂ ಇದೆ, ಬಾಡಿಗೆ ಕೋಣೆಗಳೂ ಇವೆ. ಹಾಸಿಗೆಯ ಮೇಲೆ ಮಲಗಿ ದ್ವೀಪದ ರಾತ್ರಿ ಕಳೆಯಬೇಕೆಂದರೆ ನಾಲ್ಕರಲ್ಲಿ ಇದೇ ಜಾಗ. ಕೋಣೆಗಳು ಕಡಿಮೆ, ತಿಂಗಳುಗಳ ಮೊದಲೇ ಹಿಡಿಯಬೇಕು.

ಕಳೆದುಕೊಳ್ಳುವುದೇನು? ಆ ಬಂಡೆಗೋಡೆಯ ಭವ್ಯತೆ ಇಲ್ಲಿಲ್ಲ. ಫೋಟೊಗೂ ಸೀಯೆಸ್ಸೇ ಮೇಲು.

ಸಾಲ್ವೊರ: ಕತೆ ಕೇಳುವವರಿಗೆ

ಇಲ್ಲಿಗೆ ನಾವೇ ಹೋಗಿ ಸುತ್ತಾಡುವಂತಿಲ್ಲ. ಓ ಗ್ರೋವೆ, ರಿಬೈರ ಕಡೆಯಿಂದ ಅನುಮತಿ ಪಡೆದ ಬೋಟುಗಳು ಮಾರ್ಗದರ್ಶಕರೊಂದಿಗೆ ಕರೆದೊಯ್ಯುತ್ತವೆ, ಕೆಲವು ಗಂಟೆ ಸುತ್ತಿಸಿ ಕರೆತರುತ್ತವೆ. ಹೋಟೆಲಿಲ್ಲ, ಶಿಬಿರವಿಲ್ಲ. ಜನ ಕಡಿಮೆ. ವಿವರಣೆ ಹೆಚ್ಚಾಗಿ ಸ್ಪ್ಯಾನಿಷ್ ಅಥವಾ ಗಲೀಸಿಯನ್ ಭಾಷೆಯಲ್ಲಿರುತ್ತದೆ, ಬುಕ್ ಮಾಡುವಾಗಲೇ ಇಂಗ್ಲಿಷ್ ಇದೆಯೇ ಎಂದು ಕೇಳಿ. ಭಾಷೆ ತಿಳಿಯದಿದ್ದರೆ ಈ ದ್ವೀಪದ ಅರ್ಧ ಕೈತಪ್ಪುತ್ತದೆ. ಏಕೆಂದರೆ ಇಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು.

1921ರ ಜನವರಿ 2ರ ನಸುಕು. ಸಾಂತ ಇಸಾಬೆಲ್ ಎಂಬ ಉಗಿಹಡಗು ಬಿರುಗಾಳಿಯಲ್ಲಿ ಸಾಲ್ವೊರದ ಬಂಡೆಗೆ ಬಡಿಯಿತು. ಒಳಗಿದ್ದವರಲ್ಲಿ ಹೆಚ್ಚಿನವರು ಅಮೆರಿಕ ಖಂಡಕ್ಕೆ ಬದುಕು ಅರಸಿ ಹೊರಟ ಬಡ ಗಲೀಸಿಯನ್ನರು. ದ್ವೀಪದ ಗಂಡಸರಲ್ಲಿ ಬಹಳಷ್ಟು ಮಂದಿ ಹೊಸವರ್ಷಕ್ಕೆಂದು ದಡದಾಚೆ ಹೋಗಿದ್ದರು. ಮರಿಯಾ ಫೆರ್ನಾಂದೆಸ್, ಜೋಸೆಫ ಪರಾದ, ಸಿಪ್ರಿಯಾನ ಓವ್ಶೊ ಎಂಬ ಹೆಣ್ಣುಮಕ್ಕಳು ಆ ಕತ್ತಲಲ್ಲಿ ದೋರ್ನ ದೋಣಿಗೆ ಹುಟ್ಟು ಹಾಕಿ ಹೊರಟು ಬದುಕಿದ್ದವರನ್ನು ದಡಕ್ಕೆ ತಂದರು. ಸತ್ತವರು ಇನ್ನೂರಕ್ಕೂ ಹೆಚ್ಚು. ಈಗ ಆ ಹೆಣ್ಣುಮಕ್ಕಳ ಊರು ಖಾಲಿ: ಗ್ರಾನೈಟ್ ಗೋಡೆಯ ಮನೆಗಳು, ಕಲ್ಲಿನ ಕಾಲುಗಳ ಮೇಲೆ ನಿಲ್ಲಿಸಿದ ಮುಸುಕಿನ ಜೋಳದ ಕಣಜಗಳು. ದಡದಲ್ಲಿ ಮತ್ಸ್ಯಕನ್ಯೆಯ ಕಲ್ಲಿನ ಮೂರ್ತಿ. ಬಿರುಗಾಳಿಯ ಋತುವಿನಲ್ಲಿ ಮೀನಿಗೆ ಹೋದವರ ದಾರಿ ಕಾದ ಮನೆಯಲ್ಲಿ ಹುಟ್ಟಿದವರಿಗೆ ಆ ಖಾಲಿ ಬೀದಿಯಲ್ಲಿ ನಿಲ್ಲುವುದು ಸುಲಭವಲ್ಲ. ನಾನಂತೂ ಅಲ್ಲಿ ಫೋಟೊ ತೆಗೆಯಲಿಲ್ಲ.

ಚಿಕ್ಕ ಮಕ್ಕಳಿಗೆ ಬೇಸರವಾಗುತ್ತದೆ. ಕಡಲು ಒರಟಾಗಿದ್ದರೆ ಬೋಟು ರದ್ದಾಗುವುದುಂಟು, ಮರುದಿನಕ್ಕೆ ಜಾಗ ಇಟ್ಟುಕೊಂಡು ಯೋಜನೆ ಹಾಕಿ. ಗಲೀಸಿಯಾದ ಯಾತ್ರಾನಗರ ಸಾಂತಿಯಾಗೊಗೆ ಕಾಲ್ನಡಿಗೆಯ ತೀರ್ಥಯಾತ್ರೆ ಮುಗಿಸಿ ಎರಡು ದಿನ ಉಳಿದಿರುವವರಿಗೆ, ಈಗಾಗಲೇ ಸೀಯೆಸ್ ಅಥವಾ ಓನ್ಸ್ ನೋಡಿದವರಿಗೆ ಇದನ್ನು ಹೇಳುತ್ತೇನೆ.

ಕೊರ್ತೆಗಾದ: ಅರ್ಧ ದಿನ ಇರುವವರಿಗೆ

ಇದು ರಿಯಾದ ಒಳಮೂಲೆಯಲ್ಲಿ, ಕರೀಲ್ ಎಂಬ ಊರಿನ ಎದುರು ಕೂಗಳತೆಯಲ್ಲಿದೆ. ಅಲೆಯಿಲ್ಲ, ಬಂಡೆಗೋಡೆಯಿಲ್ಲ. ಸುತ್ತು ಹಾಕಲು ಒಂದೂವರೆ ಗಂಟೆ. ಬೋಟಿನಲ್ಲಿ ಹೊಟ್ಟೆ ತೊಳಸುವವರಿಗೆ ಇದು ವರ. ಒಳಗೆ ಲಾರೆಲ್ ಮರಗಳ ದಟ್ಟ ಕಾಡು. ನಮ್ಮ ಘಟ್ಟದ ದಾಲ್ಚಿನ್ನಿಯ ಕುಟುಂಬಕ್ಕೇ ಸೇರಿದ ಮರ, ಎಲೆ ಹಿಸುಕಿದಂಥ ವಾಸನೆ ನೆರಳಿನಲ್ಲೆಲ್ಲ ಹರಡಿರುತ್ತದೆ. ಕಳೆದ ಶತಮಾನದ ಮೊದಲ ದಶಕದಲ್ಲಿ ಬೇಸಿಗೆಯ ಅರಮನೆ ಕಟ್ಟಿಕೊಳ್ಳಲೆಂದು ಸ್ಪೇನಿನ ರಾಜ ಹದಿಮೂರನೆಯ ಅಲ್ಫೋನ್ಸೊಗೆ ಈ ದ್ವೀಪವನ್ನು ಉಡುಗೊರೆಯಾಗಿ ಕೊಟ್ಟರು, ಒಕ್ಕಲುಗಳು ಮನೆ ಬಿಟ್ಟು ಹೋದರು. ಅರಮನೆ ಏಳಲೇ ಇಲ್ಲ. ಆ ಮನೆಗಳ ಗೋಡೆಯೊಳಗೇ ಈಗ ಮರ ಬೆಳೆದಿವೆ.

ನನಗೆ ಇಲ್ಲಿ ಹೆಚ್ಚು ಹಿಡಿಸಿದ್ದು ದ್ವೀಪದ ಸುತ್ತಲಿನ ಕೆಸರು. ಇಲ್ಲಿ ಉಬ್ಬರ–ಇಳಿತದ ಅಂತರ ಅಮಾವಾಸ್ಯೆ–ಹುಣ್ಣಿಮೆಗೆ ಮೂರರಿಂದ ನಾಲ್ಕು ಮೀಟರ್. ಇಳಿತಕ್ಕೆ ನೀರು ಸರಿದಾಗ ಕರೀಲಿನವರು ಬೂಟು ಹಾಕಿ ತಮ್ಮ ತಮ್ಮ ತಾಕಿನಲ್ಲಿ ಬಗ್ಗಿ ಚಿಪ್ಪು ಬಾಚುತ್ತಾರೆ. ಗದ್ದೆಯಂತೆಯೇ ಬದು ಹಾಕಿದ ತಾಕುಗಳು. ಅಘನಾಶಿನಿಯಲ್ಲಿ ಬೆಳಚು ಆರಿಸುವ ಹೆಂಗಸರ ಬೆನ್ನಿನ ಬಾಗು ಅದೇ, ಬುಟ್ಟಿ ಎಳೆಯುವ ರೀತಿಯೂ ಅದೇ. ಅಮ್ಮ ದಡದಲ್ಲೇ ನಿಂತು ಒಬ್ಬಾಕೆಗೆ ಸನ್ನೆಯಲ್ಲಿ ಏನೋ ಕೇಳಿದರು. ಆಕೆ ಅಂಗೈ ಬಿಚ್ಚಿ ಒಂದು ಚಿಪ್ಪು ತೋರಿಸಿದರು. ಇಬ್ಬರೂ ಅರ್ಥವಾದವರಂತೆ ತಲೆಯಾಡಿಸಿದರು.

ಇಳಿತದ ಹೊತ್ತಿಗೆ ದ್ವೀಪಕ್ಕೆ ಕಾಲ್ನಡಿಗೆಯ ಹಳೆಯ ದಾರಿಯೂ ತೆರೆಯುತ್ತದೆ. ಆದರೆ ಆ ತಾಕುಗಳು ಜನರ ಅನ್ನ, ತುಳಿಯುವಂತಿಲ್ಲ. ಉಬ್ಬರ ಬೇಗ ತುಂಬುತ್ತದೆ. ಮಾರ್ಗದರ್ಶಕರೊಂದಿಗೇ ಹೋಗಿ. ವಿಲಗಾರ್ಸಿಯಾಕ್ಕೆ ಸಾಂತಿಯಾಗೊದಿಂದಲೂ ವೀಗೊದಿಂದಲೂ ನೇರ ರೈಲಿದೆ, ಅಲ್ಲಿಂದ ಕರೀಲ್ ನಡೆದೇ ಹೋಗುವಷ್ಟು ಹತ್ತಿರ. ಕಾರಿಲ್ಲದವರಿಗೆ ಇದಕ್ಕಿಂತ ಅಗ್ಗ ಬೇರಿಲ್ಲ.

ಹಾಗಾದರೆ ನೀವು?

ಗಟ್ಟಿ ಕಾಲು, ಒಂದು ಪೂರ್ಣ ದಿನ, ಮೊದಲೇ ಅನುಮತಿ ತೆಗೆಯುವ ತಾಳ್ಮೆ ಇದ್ದರೆ ಸೀಯೆಸ್. ಬೆಳಗಿನ ಮೊದಲ ಬೋಟು ಹಿಡಿದು, ಬಿಸಿಲೇರುವ ಮುನ್ನ ದೀಪಸ್ತಂಭ ಹತ್ತಿ, ಮಧ್ಯಾಹ್ನ ಮರಳಿಗೆ ಇಳಿಯಿರಿ. ಮರಳಿನಲ್ಲಿ ಕೂತು ಬರುವುದಷ್ಟೇ ಗುರಿಯಾದರೆ ಸೀಯೆಸ್ಸಿನ ಖರ್ಚು ವ್ಯರ್ಥ, ವೀಗೊದ ಸುತ್ತಲೇ ಪುಕ್ಕಟೆ ಬೀಚುಗಳಿವೆ. ಬೇಸಿಗೆಯಲ್ಲಿ ಹೋಗಿ ಬರುವ ಬೋಟು ದೊಡ್ಡವರಿಗೆ ತಲಾ 25 ಯೂರೋ ಆಸುಪಾಸು. ನಾಲ್ವರ ಸಂಸಾರಕ್ಕೆ ಅದು ಸಣ್ಣ ಮೊತ್ತವಲ್ಲ.

ಹಿರಿಯರು, ಮಕ್ಕಳು ಜೊತೆಗಿದ್ದರೆ ಓನ್ಸ್. ಒಬ್ಬರು ನಡೆಯಬಹುದು, ಇನ್ನೊಬ್ಬರು ನೆರಳಿನಲ್ಲಿ ಕಾಫಿ ಕುಡಿಯುತ್ತ ಕೂರಬಹುದು, ಯಾರೂ ಯಾರಿಗೂ ಹೊರೆಯಾಗುವುದಿಲ್ಲ. ಇಬ್ಬರೇ ಹೋಗುವುದಾದರೆ, ಬಜೆಟ್ ಬಿಗಿಯಾಗಿದ್ದರೆ, ವೀಗೊದಲ್ಲಿ ಎರಡು ರಾತ್ರಿ ಹೋಟೆಲಿಗೆ ಕೊಡುವ ದುಡ್ಡನ್ನು ಸೀಯೆಸ್ ಶಿಬಿರದ ಒಂದು ರಾತ್ರಿಗೆ ತಿರುಗಿಸಿ.

ಕಾಲದ ವಿಷಯದಲ್ಲಿ ನನ್ನ ಮತ ಖಚಿತ: ಜೂನ್ ಅಥವಾ ಸೆಪ್ಟೆಂಬರಿನ ಮೊದಲ ಎರಡು ವಾರ. ಆಗಸ್ಟ್ ಬೇಡ. ಚಳಿಗಾಲದಲ್ಲಿ ಬೋಟು ವಿರಳ, ಮಳೆಯೂ ಹಿಡಿದು ಹೊಡೆಯುತ್ತದೆ. ಯಾವ ತಿಂಗಳಾದರೂ ಗಾಳಿ ತಡೆಯುವ ಒಂದು ಜಾಕೆಟ್ ಚೀಲದಲ್ಲಿರಲಿ. ಮಧ್ಯಾಹ್ನದ ಮೇಲೆ ನೋರ್ದೆಸ್ ಎಂಬ ಈಶಾನ್ಯದ ಗಾಳಿ ಎದ್ದರೆ ವಾಪಸಿನ ಬೋಟಿನ ಮೇಲಟ್ಟದಲ್ಲಿ ಹಲ್ಲು ಕಟಕಟಿಸುತ್ತದೆ.

ಅಮ್ಮ ಬರುವ ಜೂನಿನಲ್ಲಿ ಮತ್ತೆ ಬರುತ್ತಿದ್ದಾರೆ. ಯಾವ ದ್ವೀಪ ಎಂದು ಕೇಳಿದೆ. "ಆ ಕೋಳಿ ಇದ್ದದ್ದು" ಎಂದರು. ಓನ್ಸ್‌ನಲ್ಲಿ ಎರಡು ರಾತ್ರಿಗೆ ಕೋಣೆ ಹಿಡಿದಿದ್ದೇನೆ.